ಸಿಂಗ್ ಸಾಹೇಬರ ಎಲೆಗೆ ನಾನು ತಂದ ಬಾಡು

ಹೋದ ಭಾನುವಾರ ನಾನೊಬ್ಬ ಮನುಷ್ಯನ ನೇಮ ಕೆಡಿಸಲು ಹೊರಟಿದ್ದೆ.

ಗಾಬರಿಯಾಗಬೇಡಿ. ನಾನು ಅದೇ ಮೇಷ್ಟ್ರು, ವಾರ ವಾರ ನಿಮಗೆ ಬುದ್ಧಿ ಹೇಳುವವನು. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸಿ ಸರ್ಕಾರದ ಸಂಬಳ ತಿನ್ನುವವನು. ಆದರೆ ಹೊಟ್ಟೆಕಿಚ್ಚಿಗೆ ಯಾವ ಸ್ಕೂಲು, ಯಾವ ಪಾಠ?

ನಂಜನಗೂಡಿನಲ್ಲಿ ನಾನಿರುವುದು ದೇವಸ್ಥಾನದ ಹಿಂದಿನ ಬೀದಿಯಲ್ಲಿ, ಬಾಡಿಗೆ ಮನೆ. ಮಾಲೀಕರು ಮಹಾ ಮಡಿವಂತರು. ನಮ್ಮ ಒಲೆಯ ಮೇಲೆ ಈರುಳ್ಳಿ ಹುರಿದರೆ ಗೋಡೆಯಾಚೆ ಅವರಿಗೆ ಕೆಮ್ಮು ಬರುತ್ತದೆ. ಇನ್ನು ಬಾಡಿನ ಮಾತೆಲ್ಲಿ? (ಅವರು ಈ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.) ಹಾಗಾಗಿ ತಿಂಗಳಿಗೊಂದು ಶನಿವಾರ ಸ್ಕೂಲು ಬಿಟ್ಟ ಕೂಡಲೇ ಎತ್ತಿನ ಗಾಡಿ ಹತ್ತಿ ತಿರುಮಕೂಡಲು ನರಸೀಪುರಕ್ಕೆ ಹೋಗಿಬಿಡುತ್ತೇನೆ. ಅಲ್ಲಿ ಚಿಕ್ಕೇಗೌಡ ಇದ್ದಾನೆ. ಹೆಡತಲೆಯ ಕೂಲಿಮಠದಲ್ಲಿ ಒಂದೇ ಮರಳಿನ ಮೇಲೆ ಅಕ್ಷರ ತಿದ್ದಿದವರು ನಾವು.

ಭಾನುವಾರ ಬೆಳಿಗ್ಗೆ ಇಬ್ಬರೂ ಹುಸೇನ್ ಸಾಬರ ಮಾಂಸದ ಅಂಗಡಿಗೆ ಹೋಗುತ್ತಿದ್ದೆವು. ಹೊರಗಿನ ಕಲ್ಲಿನ ಮೇಲೆ ಕೂತು ಊರ ಸುದ್ದಿಯೆಲ್ಲ ಮುಗಿಸುತ್ತಿದ್ದೆವು. ತೊಡೆಯೋ ಪಕ್ಕೆಯೋ ಎಂದು ಕಿತ್ತಾಡುತ್ತಿದ್ದೆವು. ನಿಜ ಹೇಳಲೇ? ಬಾಡಿಗಿಂತ ನನಗೆ ಆ ಕಿತ್ತಾಟವೇ ರುಚಿ.

ಎರಡು ತಿಂಗಳ ಹಿಂದೆ ಅದಕ್ಕೆ ಕಲ್ಲು ಬಿತ್ತು.

ಹೊಳೆಯ ಅಣೆಕಟ್ಟೆ ರಿಪೇರಿಗೆ ಹರ್ನಾಮ್ ಸಿಂಗ್ ಎಂಬ ಸಿಖ್ ಓವರ್ಸಿಯರ್ ಬಂದರು. ಬೆಂಗಳೂರಿನ ದಂಡಿನಲ್ಲಿ ಸಿಪಾಯಿಯಾಗಿದ್ದವರು. ಆರಡಿ ಆಳು, ಎದೆಯ ಮೇಲೆ ಗಡ್ಡ, ಅರ್ಧಂಬರ್ಧ ಕನ್ನಡ. ಚಿಕ್ಕೇಗೌಡನ ಹೊರಗಿನ ಕೋಣೆಯಲ್ಲೇ ಬಿಡಾರ. ನಾನು ಹೋದರೆ, ಜಗಲಿಯಲ್ಲಿ ನಾನು ಯಾವಾಗಲೂ ಕೂರುವ ಕಂಬದ ಪಕ್ಕ ಅವರು ಕೂತಿದ್ದಾರೆ!

"ನಡಿಯಯ್ಯಾ, ಹುಸೇನ್ ಸಾಬರ ಅಂಗಡಿಗೆ," ಎಂದೆ.

"ಅಲ್ಲಿಗೆ ಯಾಕ್ಲಾ? ಸಿಂಗ್ ಸಾಯೇಬ್ರು ಬರೀ ಜಟಕಾ ಬಾಡು ತಿನ್ನಾದು," ಎಂದ ಚಿಕ್ಕೇಗೌಡ.

"ಜಟಕಾ ಗಾಡಿಯಲ್ಲಿ ತಂದ ಬಾಡೇ?"

ಇಬ್ಬರೂ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು! ಒಂದೇ ಏಟಿಗೆ ಕತ್ತು ಕಡಿದ ಮರಿಯ ಮಾಂಸಕ್ಕೆ ಅವರ ಸೀಮೆಯಲ್ಲಿ ಹಾಗೆನ್ನುತ್ತಾರಂತೆ. ಅವತ್ತು ಹಿತ್ತಲಿನಲ್ಲಿ ಸಿಂಗ್ ಸಾಹೇಬರೇ ಕತ್ತಿ ಎತ್ತಿದರು. ಮರಿಗೆ ಅರಚಲೂ ಹೊತ್ತು ಸಿಗಲಿಲ್ಲ. "ನೋಡ್ದಾ? ನೋಡ್ದಾ?" ಎಂದು ಚಿಕ್ಕೇಗೌಡ ನನ್ನ ಭುಜ ತಿವಿದ. ಒಂದು ಕಾಲಕ್ಕೆ ನಾನು ಇಂಗ್ಲಿಷ್ ಪೇಪರು ಓದಿದರೆ ಹೀಗೇ ಊರವರನ್ನೆಲ್ಲ ತಿವಿಯುತ್ತಿದ್ದ.

ಊಟದ ಹೊತ್ತಿಗೆ ಪರೀಕ್ಷೆ ಶುರುಮಾಡಿದೆ. ಎಲ್ಲಾದರೂ ಒಂದು ತಪ್ಪು ಸಿಗದೇ ಇರುತ್ತದೆಯೇ?

"ಸಾಬರು ಕೊಯ್ದದ್ದು ಯಾಕೆ ಬೇಡ?"

"ದೀಕ್ಷೆಯ ಅಮೃತ ತಗೊಂಡ ದಿನ ಮಾತು ಕೊಟ್ಟಿದ್ದೀನಿ, ಮಾಸ್ಟರ್‌ಜೀ. ಕೂದಲು ತೆಗೆಯಲ್ಲ, ತಂಬಾಕು ಮುಟ್ಟಲ್ಲ. ಮಂತ್ರ ಹೇಳಿ ಕೊಯ್ದ ಮಾಂಸ ತಿನ್ನಲ್ಲ."

"ನಮ್ಮ ಮಾರಮ್ಮನ ಮರಿ? ಅದೂ ಒಂದೇ ಏಟು."

"ದೇವರಿಗೆ ಅಂತ ಕಡಿದದ್ದೂ ನನಗೆ ಬೇಡ. ನನ್ನ ಹೊಟ್ಟೆಗೆ ಬೇಕು, ಕಡಿದೆ. ಅದಕ್ಕೆ ದೇವರ ಹೆಸರು ಯಾಕೆ?"

"ಸಿಖ್ಖರೆಲ್ಲ ಹೀಗೇ ಏನು?"

"ಎಲ್ಲಿ! ನಮ್ಮಣ್ಣ ಮಾಂಸ ಮುಟ್ಟೋದೇ ಇಲ್ಲ. ಜೀವದಯೆ ದೊಡ್ಡದು ಅಂತಾನೆ. ಊರಿಗೆ ಹೋದಾಗೆಲ್ಲ ನಮಗೆ ಅದೇ ಜಗಳ. ಆಮೇಲೆ ಗುರುದ್ವಾರದಲ್ಲಿ ಒಂದೇ ಸಾಲಲ್ಲಿ ಕೂತು ತಿಂತೀವಿ. ಅಲ್ಲಿ ರೊಟ್ಟಿ, ಬೇಳೆ ಅಷ್ಟೇ. ಯಾರು ಬೇಕಾದರೂ ಕೂರಬಹುದು, ಯಾರೂ ಬೇಡ ಅನ್ನೋ ಹಾಗಿಲ್ಲ."

ನನಗೆ ಮೈ ಉರಿದುಹೋಯಿತು. ನಾವು ಎಲೆಯ ಮುಂದೆ ಕೂತರೆ ಎಷ್ಟು ಪ್ರಶ್ನೆ! ಬೇಯಿಸಿದವರು ಯಾರು, ನೀರು ಸೇದಿದವರು ಯಾರು, ಪಕ್ಕದಲ್ಲಿ ಕೂತವನು ಯಾರ ಪೈಕಿ. ಈ ಮನುಷ್ಯನಿಗೆ ಒಂದೇ ಪ್ರಶ್ನೆ: ಹೇಗೆ ಕಡಿದದ್ದು? ಅದನ್ನೂ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಕೇಳುತ್ತಾರೆ. ನಾನೋ, ಬಾಡು ತಿಂದು ನಂಜನಗೂಡಿಗೆ ವಾಪಸ್ಸು ಬರುವಾಗ ಬಾಯಲ್ಲಿ ಲವಂಗ ಹಾಕಿಕೊಳ್ಳುವವನು!

ಈಗ ಹೋದ ಭಾನುವಾರಕ್ಕೆ ಬರೋಣ.

ಅವತ್ತು ಸಿಂಗ್ ಸಾಹೇಬರಿಗೆ ಮಧ್ಯಾಹ್ನದವರೆಗೂ ಕಟ್ಟೆಯ ಹತ್ತಿರ ಕೆಲಸ. ಮರಿ ಕಡಿಯಲು ಪುರುಸೊತ್ತಿಲ್ಲ. "ಇವತ್ತು ಸೊಪ್ಪಿನ ಸಾರೇ ಗತಿ. ಸಾಯೇಬ್ರು ಬುಟ್ಟು ನಾವೆಂಗೆ ಬಾಡು ತಿನ್ನಾದು?" ಎಂದ ಚಿಕ್ಕೇಗೌಡ.

ಏಳು ಗಂಟೆ ಗಾಡಿಯಲ್ಲಿ ಕುಲುಕಿ ಬಂದವನು ನಾನು. ನನಗೋಸ್ಕರ ಅಲ್ಲ, ಅವರಿಗೋಸ್ಕರ ಸೊಪ್ಪು!

ಬಾಯಿಂದ ಬಂದೇಬಿಟ್ಟಿತು. "ಹೊಳೆಯಾಚೆ ನಮ್ಮ ಪೈಕಿಯವರು ಇವತ್ತು ಮರಿ ಕಡಿದಿದ್ದಾರೆ. ಒಂದೇ ಏಟು. ನಾನು ತರುತ್ತೇನೆ."

"ದಿಟವಾಗ್ಲೂ?"

"ದಿಟ."

ನೇರ ಹುಸೇನ್ ಸಾಬರ ಅಂಗಡಿಗೆ ಹೋದೆ. ದೇವನೂರಿಂದ ನೆಂಟರು ಬರುತ್ತಾರೆಂದು ಅವರಿಗೂ ಒಂದು ಸುಳ್ಳು. ಸುಮ್ಮನೆ ಬರಬಹುದಿತ್ತಲ್ಲ? ಇಲ್ಲ, ಕಿಚ್ಚು ಹಚ್ಚಿಯೇ ಬರಬೇಕು.

"ಕೇಳಿದಿರಾ ಸಾಬರೇ, ನೀವು ಕೊಯ್ದದ್ದು ಸಿಂಗ್ ಸಾಹೇಬರು ತಿನ್ನುವುದಿಲ್ಲವಂತೆ."

"ಅವರು ಕಡಿದದ್ದು ನಾನೂ ತಿನ್ನಲ್ಲ ಮೇಷ್ಟ್ರೇ," ಎಂದರು ಸಾಬರು, ಕತ್ತಿ ಮಸೆಯುತ್ತಾ. "ನಿನ್ನೆ ಸಾಯಂಕಾಲ ಇಲ್ಲೇ ಕೂತಿದ್ದರು. ಇಬ್ಬರೂ ಕಡ್ಲೆಕಾಯಿ ತಿಂದ್ವಿ."

ಅಂದರೆ ನನ್ನ ಕಲ್ಲಿನ ಮೇಲೂ ಕೂತಾಯಿತು! ಉಳಿದಿದ್ದ ಚೂರು ಮನಸ್ಸಾಕ್ಷಿಯೂ ಅಲ್ಲೇ ಸತ್ತಿತು. ಮುತ್ತುಗದ ಎಲೆಯಲ್ಲಿ ಸುತ್ತಿದ್ದ ಬಾಡನ್ನು ತಂದು ಚಿಕ್ಕೇಗೌಡನ ಹೆಂಡತಿ ದೇವಮ್ಮನ ಕೈಗೆ ಕೊಟ್ಟೆ. ಆಕೆ ಬಿಚ್ಚಿ ನೋಡಿದರು. ನನ್ನನ್ನೂ ಒಂದು ಗಳಿಗೆ ನೋಡಿದರು. ಒಳಗೆ ಒಯ್ದರು.

ನನ್ನ ಲೆಕ್ಕಾಚಾರ ಇಷ್ಟೇ. ಸಿಂಗ್ ಸಾಹೇಬರು ಉಣ್ಣಲಿ, ಚೆನ್ನಾಗಿದೆ ಎನ್ನಲಿ. ಬಾಯಿ ಬಿಟ್ಟು ಯಾರಿಗೂ ಹೇಳುವವನಲ್ಲ ನಾನು. ಅವರ ದೊಡ್ಡ ಮಾತು ಮುರಿದಿದೆ ಎಂದು ನನ್ನೊಬ್ಬನಿಗೆ ಗೊತ್ತಿದ್ದರೆ ಸಾಕು. ಎಂಥ ಸಣ್ಣ ಬುದ್ಧಿ ಅಲ್ಲವೇ? ಅದೇ ನನಗೆ ದೊಡ್ಡ ಹಬ್ಬವಾಗಿ ಕಂಡಿತು.

ಮಧ್ಯಾಹ್ನ ಮೂವರೂ ಕೂತೆವು. ಮುದ್ದೆ ಬಂತು. ದೇವಮ್ಮ ಸಾರಿನ ಪಾತ್ರೆ ತಂದು ಸಿಂಗ್ ಸಾಹೇಬರ ಎಲೆಯ ಮುಂದೆ ನಿಂತರು. ಸೌಟು ತುಂಬಿಕೊಂಡು, ನನ್ನ ಮುಖವನ್ನೇ ನೋಡುತ್ತಾ ಕೇಳಿದರು:

"ಮೇಷ್ಟ್ರಣ್ಣ, ಇವ್ರಿಗೆ ಬಡಿಸ್ಲಾ?"

ಸಿಂಗ್ ಸಾಹೇಬರು ನಕ್ಕರು. "ಅಮ್ಮಾ, ಮಾಸ್ಟರ್‌ಜೀ ತಂದಿದ್ದಾರೆ. ಅವರನ್ನ ಕೇಳೋದೇನಿದೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅನುಮಾನಪಟ್ಟಿದ್ದರೆ ಆಣೆಯನ್ನೂ ಇಡುತ್ತಿದ್ದೆನೇನೋ. ಈ ನಂಬಿಕೆಗೆ ಏನು ಮಾಡಲಿ?

"ಬಡಿಸಬೇಡಿ ತಾಯಿ. ಅದು ಹುಸೇನ್ ಸಾಬರ ಅಂಗಡಿಯದು."

ದೇವಮ್ಮ ಸೌಟನ್ನು ಪಾತ್ರೆಗೆ ಇಳಿಸಿದರು. "ಪಕ್ಕೆ ಕತ್ತರ್ಸಿರಾದು ನೋಡ್ದೇಟ್ಗೇ ಸಾಬ್ರ ಅಂಗ್ಡೀದು ಅಂತ ಗೊತ್ತಾಯ್ತು ನಂಗೆ. ನೀವಾಗೇ ಏಳ್ಲಿ ಅಂತ ಕಾಯ್ತಿದ್ದೆ. ಏಳ್ದಿದ್ರೆ ನಾನೇ ಏಳ್ತಿದ್ದೆ," ಎಂದು ಒಳಗೆ ಹೋಗಿ ಬೇರೆ ಪಾತ್ರೆ ತಂದರು. ಸೊಪ್ಪಿನ ಸಾರು. ಮಾಡಿ ಇಟ್ಟಿದ್ದರು!

ಚಿಕ್ಕೇಗೌಡನ ಮುಖ ಕಪ್ಪಿಟ್ಟಿತ್ತು. "ದಿಟವಾಗ್ಲೂ ಅಂತ ಕೇಳ್ದೆ ಅಲ್ವೇನ್ಲಾ ನಾನು? ದಿಟ ಅಂದ್ಯಲ್ಲೋ. ನನ್ ಮನೇಲಿ, ನನ್ ಎಲೇಲಿ ಇಂಥ ಕೆಲ್ಸ ಮಾಡಕ್ಕೆ ನಿಂಗೆಂಗ್ಲಾ ಮನಸ್ ಬಂತು?"

ನನ್ನ ಹತ್ತಿರ ಉತ್ತರವಿತ್ತು. ನೀನು ನನ್ನನ್ನು ಮರೆತೆ ಎನ್ನಬೇಕಿತ್ತು. ನಲವತ್ತು ದಾಟಿದ ಗಂಡಸು ಇನ್ನೊಬ್ಬ ಗಂಡಸಿಗೆ ಆ ಮಾತು ಹೇಗೆ ಹೇಳುತ್ತಾನೆ?

ಸಿಂಗ್ ಸಾಹೇಬರು ಸೊಪ್ಪಿನ ಸಾರಿಗೆ ಮುದ್ದೆ ಮುರಿದರು. "ಬಿಡಿ ಗೌಡ್ರೇ. ಬಾಯಿಗೆ ಹೋಗೋ ಮೊದಲೇ ಹೇಳಿದರಲ್ಲ," ಎಂದರು. ಅಷ್ಟೇ. ಚಿಕ್ಕೇಗೌಡನೂ ಬಾಡು ಬೇಡವೆಂದು ಸೊಪ್ಪನ್ನೇ ಹಾಕಿಸಿಕೊಂಡ. ನನ್ನ ಎಲೆಗೆ ಮಾತ್ರ ದೇವಮ್ಮ ನಾಲ್ಕು ಸೌಟು ಬಾಡು ಸುರಿದರು. ಎಲ್ಲ ನನಗೇ! ಇಬ್ಬರೂ ಮುಗಿಸಿ ಎದ್ದರೂ ನಾನಿನ್ನೂ ಮೊದಲ ಪಕ್ಕೆಮೂಳೆ ಹಿಡಿದು ಕೂತಿದ್ದೆ.

ಹೊರಡುವಾಗ ಚಿಕ್ಕೇಗೌಡ ಬಾಗಿಲು ಬಿಟ್ಟು ಬರಲಿಲ್ಲ. ಗಾಡಿಯವರೆಗೂ ಬಂದವರು ಸಿಂಗ್ ಸಾಹೇಬರು. ನನ್ನ ಕೈಚೀಲ ಅವರೇ ಎತ್ತಿ ಇಟ್ಟರು. "ಮುಂದಿನ ತಿಂಗಳು ಬನ್ನಿ ಮಾಸ್ಟರ್‌ಜೀ. ಗೌಡರಿಗೆ ನಾನು ಹೇಳ್ತೀನಿ," ಎಂದರು. ನನ್ನ ಗೆಳೆಯನಿಗೆ, ನನ್ನ ಪರವಾಗಿ, ಅವರು ಹೇಳುತ್ತಾರಂತೆ!

ಗಾಡಿ ಹೊರಟಾಗ ತಿರುಗಿ ನೋಡಿದೆ. ಬಾಗಿಲಲ್ಲಿ ನಿಂತ ಚಿಕ್ಕೇಗೌಡ ನನ್ನ ಗಾಡಿಯತ್ತ ನೋಡುತ್ತಿರಲಿಲ್ಲ. ಸಿಂಗ್ ಸಾಹೇಬರನ್ನೇ ನೋಡುತ್ತಿದ್ದ, ಮೊದಲಿಗಿಂತ ಹೆಚ್ಚು ಪ್ರೀತಿಯಿಂದ.

ಆ ಮಹಾನುಭಾವರು ನನ್ನನ್ನು ನಾಲ್ಕು ಮಾತು ಬೈದಿದ್ದರೆ ಅವರ ಗಂಟೇನು ಹೋಗುತ್ತಿತ್ತು, ನೀವೇ ಹೇಳಿ?