ಕಾಯಿಸಿ ಸೋಸಿದ ಬಾವಿನೀರು

ಮನೆಗೆ ಬಂದವರಿಗೆ ನೀರು ಕೊಡುವ ಮುಂಚೆ ಲೋಟದ ಹೊರಮೈಯನ್ನು ಸೆರಗಿನಿಂದ ಒರೆಸುವ ಅಭ್ಯಾಸ ನನಗಿದೆ. ಕುಡಿಯುವುದು ಒಳಗಿನದನ್ನು, ಒರೆಸುವುದು ಹೊರಗಿನದನ್ನು. ಇದರಿಂದ ಯಾರ ಆರೋಗ್ಯಕ್ಕೂ ಎಳ್ಳಷ್ಟು ಉಪಕಾರವಿಲ್ಲವೆಂದು ನಮ್ಮ ಯಜಮಾನರು ಆಗಾಗ ಘೋಷಿಸುತ್ತಾರೆ. ವಿಜ್ಞಾನ ಅವರ ಪಕ್ಷದಲ್ಲಿದೆ, ಒಪ್ಪಿದೆ. ಆದರೆ ಅತಿಥಿಯ ಮುಂದೆ ನೀರೂ ಸ್ವಲ್ಪ ಸಿಂಗರಿಸಿಕೊಂಡೇ ಹೋಗಬೇಕೆಂಬುದು ನನ್ನ ಅಮ್ಮನಿಂದ ಬಂದ ಸಂಸ್ಕಾರ. ಈ ಸಂಸ್ಕಾರವೇ ಒಮ್ಮೆ ತುಮಕೂರಿನ ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗದೊಳಕ್ಕೆ ಕಾಲಿಟ್ಟು ನನ್ನ ತಲೆ ತಗ್ಗಿಸಿತ್ತೆಂದರೆ ನೀವು ನಂಬಬೇಕು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ, ಗುಬ್ಬಿಯಿಂದ ದಿನವೂ ಬಸ್ಸಿನಲ್ಲಿ ಓಡಾಟ. ನಮ್ಮ ಕೆಮಿಸ್ಟ್ರಿ ಮೇಷ್ಟ್ರಿಗೆ ಪುಸ್ತಕದ ಪ್ರಯೋಗಗಳನ್ನೇ ವರ್ಷವರ್ಷವೂ ಮಗುಚಿ ಹಾಕಿಸಿ ಬೇಸರ ಬಂದಿತ್ತೇನೋ, ಕೆಲವೇ ವಿದ್ಯಾರ್ಥಿಗಳನ್ನು ಆರಿಸಿ ಅವರಿಂದ ಸ್ವತಂತ್ರ ಸಂಶೋಧನೆ ಮಾಡಿಸುವ ಹುಮ್ಮಸ್ಸು ಹತ್ತಿತು. ಆ ಗುಂಪಿನಲ್ಲಿ ಹುಡುಗಿ ನಾನೊಬ್ಬಳೇ. ಕಾನ್ವೆಂಟಿನಲ್ಲಿ ಓದಿದ್ದರಿಂದ ‘ಪ್ರಾಜೆಕ್ಟ್’ ಎಂಬ ಶಬ್ದವನ್ನು ಮಿಕ್ಕವರಿಗಿಂತ ನಾಜೂಕಾಗಿ ಉಚ್ಚರಿಸಬಲ್ಲೆನೆಂಬುದೇ ನನ್ನ ಮುಖ್ಯ ಅರ್ಹತೆಯೆಂದು ನಾನೂ ಭಾವಿಸಿದ್ದೆ. ವಿಷಯ, ನಮ್ಮ ನಮ್ಮ ಮನೆಯ ಬಾವಿನೀರು ಎಷ್ಟು ಗಡಸು ಎಂಬುದರ ಪರೀಕ್ಷೆ. ಅಂದರೆ ಸೋಪಿಗೆ ನೊರೆ ಬರಗೊಡದ ಸುಣ್ಣದಂಥ ಲವಣಗಳು ಅದರಲ್ಲಿ ಎಷ್ಟಿವೆ ಎಂದು ಅಳೆಯುವುದು. ಮೇಷ್ಟ್ರ ಷರತ್ತು ಒಂದೇ: ಅಂಕಿಯಲ್ಲಿ ಸುಳ್ಳು ಕಂಡರೆ ಗುಂಪಿನಲ್ಲಿ ಜಾಗವಿಲ್ಲ. ಆ ಜಾಗವೋ, ನನಗೆ ಪ್ರಾಣಪ್ರಾಯ. “ಅದೇನೋ ಪ್ರಾಜೆಕ್ಟು ಮುಗೀಲಿ, ಅಲ್ಲೀವರ್ಗೂ ಗಂಡಿನ ಮಾತೆತ್ತಲ್ಲ,” ಎಂದು ಅಪ್ಪ ಮಾತು ಕೊಟ್ಟಿದ್ದರು.

ಅಮ್ಮ ತುಂಬಿಸಿಕೊಟ್ಟ ಬಾಟಲಿಯನ್ನು ಹೊತ್ತು ತಂದು ನಾನು ಭಯಭಕ್ತಿಯಿಂದ ಟೈಟ್ರೇಷನ್ ಮಾಡಿದೆ. ದ್ರಾಕ್ಷಿಗೆಂಪಿನ ದ್ರವ ನೀಲಿಗೆ ತಿರುಗುವವರೆಗೆ ಮೇಲಿನ ಗಾಜಿನ ನಳಿಗೆಯಿಂದ ಹನಿಹನಿಯಾಗಿ ಬಿಡಬೇಕು. ಹೆಚ್ಚು ಹನಿ ಬೇಕಾದಷ್ಟೂ ನೀರು ಗಡಸು. ನನ್ನದೋ, ಬಿಡುವ ಮೊದಲೇ ಎಂಬಂತೆ ನೀಲಿಯಾಗಿಬಿಟ್ಟಿತು. ಕುಣಿಗಲ್ ಕಡೆಯ ರಮೇಶ ಇಣುಕಿ ನೋಡಿ ಪಕ್ಕದವನಿಗೆ, “ನೋಡ್ಲಾ, ಗುಬ್ಬಿ ಬಾವೀಲಿ ಕಾವೇರಮ್ಮ ಹರೀತಾವ್ಳೆ,” ಎಂದ. ಮೇಷ್ಟ್ರು ನಗಲಿಲ್ಲ.

“ಸುತ್ತಮುತ್ತಲ ಬಾವಿಯೆಲ್ಲ ಗಡಸು, ನಿಮ್ಮದೊಂದೇ ಮೆದುವೇನಮ್ಮ? ಇದು ಅಳೆದಿದ್ದೋ, ಬಸ್ಸಲ್ಲಿ ಕೂತು ಬರ್ದಿದ್ದೋ? ನಾಳೆ ಹೇಳು.”

ಆ ಸಂಜೆ ನನಗೆ ಅನ್ನ ಸೇರಲಿಲ್ಲ. ಕಾರಣ ಕೇಳಿದ ಅಮ್ಮನಿಗೆ ನಡೆದದ್ದನ್ನು ಹೇಳಿದೆ.

“ಆ ನೀರಿಗೇನಾಗಿತ್ತೇ? ಚೆನ್ನಾಗಿ ಕುದಿಸಿ, ಆರಿಸಿ, ಮಡಿಬಟ್ಟೇಲಿ ಸೋಸಿ ತುಂಬಿದ್ದೆ. ಮೇಷ್ಟ್ರ ಹತ್ರ ಹೋಗೋ ನೀರು, ಸೇದಿ ಹಂಗೇ ಕಳಿಸೋಕಾಗುತ್ತಾ?”

ಕುದಿಸಿದರೆ ಸುಣ್ಣದ ಬಹುಪಾಲು ತಳ ಹಿಡಿಯುತ್ತದೆ, ಮಿಕ್ಕದ್ದು ಸೋಸುವ ಬಟ್ಟೆಯಲ್ಲಿ ಕೂರುತ್ತದೆ ಎಂದು ಅಮ್ಮನಿಗೆ ಬಿಡಿಸಿ ಹೇಳಿದೆ. ನಾನು ಅಳೆದದ್ದು ಬಾವಿಯನ್ನಲ್ಲ, ಅಮ್ಮನ ಮರ್ಯಾದೆಯನ್ನು. ಆದರೆ ಇದನ್ನು ಆ ಹುಡುಗರ ಎದುರಿಗೆ ಹೇಳುವುದು ಹೇಗೆ? ಸಂಶೋಧನೆಯ ನೀರನ್ನು ಅಮ್ಮನ ಕೈಯಲ್ಲಿ ತುಂಬಿಸಿಕೊಂಡು ಬಂದ ಸಂಶೋಧಕಿ. ಅದಕ್ಕಿಂತ ಸುಳ್ಳಿ ಎನಿಸಿಕೊಂಡು ಹೊರಬೀಳುವುದೇ ಗೌರವವೆಂದು ನನಗೆ ಪ್ರಾಮಾಣಿಕವಾಗಿ ತೋರಿತು. ನಾಚಿಕೆಯ ಲೆಕ್ಕಾಚಾರ ಆ ವಯಸ್ಸಿನಲ್ಲಿ ಹೀಗೇ ಇರುತ್ತದೆ. “ನಾಳೆ ಏನೂ ಹೇಳಲ್ಲ, ಬಿಟ್ಟುಬಿಡ್ತೀನಿ,” ಎಂದು ಕೈತೊಳೆದೆ.

ಮರುದಿನ ಮೇಷ್ಟ್ರ ಮುಂದೆ ನಾನು ಮೌನವ್ರತ ಹಿಡಿದು ನಿಂತಿದ್ದಾಗ ಪ್ರಯೋಗಶಾಲೆಯ ಬಾಗಿಲಲ್ಲಿ ಅಮ್ಮ. ಮುಂದಿನ ಬಸ್ಸಿಗೇ ಹೊರಟುಬಂದಿದ್ದಳು. ಕಂಕುಳಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಹಿತ್ತಾಳೆ ಕೂಜ, ಸೀರೆಯ ಒಂದು ಮಗ್ಗುಲೆಲ್ಲ ತುಳುಕಿದ ನೀರು, ಹೊರಗೆ ಬಿಟ್ಟು ಬಂದ ಚಪ್ಪಲಿ. ನಾನು ನೋಡಿದ್ದು ಇಷ್ಟನ್ನೇ. ನೋಡಿದವಳು ಒಂದು ಹೆಜ್ಜೆ ಹಿಂದೆ ಸರಿದು, ಕಪಾಟಿನ ಬಾಟಲಿಗಳ ಚೀಟಿಗಳನ್ನು ಓದತೊಡಗಿದೆ.

“ಮೇಷ್ಟ್ರೇ, ತಪ್ಪು ನಂದು. ನೀರು ಕಾಯಿಸಿಬಿಟ್ಟಿದ್ದೆ. ಇದು ಹಸೀದು, ಈಗ ನೋಡಿ.”

ಹುಡುಗರ ಕಡೆಯಿಂದ ಕಿಸಕ್ ಎಂಬ ಸದ್ದು. ಮೇಷ್ಟ್ರು ಸ್ಟೂಲು ಎಳೆದು ಅಮ್ಮನನ್ನು ಕೂರಿಸಿ, ತಾವೇ ಟೈಟ್ರೇಷನ್‌ಗೆ ನಿಂತರು. ಹನಿ ಬಿದ್ದೇ ಬಿತ್ತು. ಕೆಂಪು ಜಪ್ಪಯ್ಯ ಅನ್ನಲಿಲ್ಲ. ಕಡೆಗೊಮ್ಮೆ ನೀಲಿಯಾದಾಗ ಅವರ ಮುಖ ಅರಳಿತು.

“ನೀವು ಒಳ್ಳೇ ಕೆಲಸ ಮಾಡಿದ್ರಿ ತಾಯಿ. ಕಾಯಿಸಿದರೆ ಸುಣ್ಣ ಎಷ್ಟು ಹೋಗುತ್ತೆ, ಎಷ್ಟು ಉಳಿಯುತ್ತೆ, ಎರಡೂ ಸಿಕ್ತು. ಇನ್ಮೇಲೆ ಎಲ್ಲರೂ ಹಸೀದೊಂದು, ಕಾಯಿಸಿದ್ದೊಂದು ತನ್ನಿ. ಈ ಹುಡುಗಿ ಜಾಗ ಎಲ್ಲೂ ಹೋಗಲ್ಲ.”

ಅಮ್ಮನಿಗೆ ಆ ಸಂತೋಷ ತಟ್ಟಲೇ ಇಲ್ಲ. ಅವಳು ನೀಲಿ ದ್ರವವನ್ನೇ ನೋಡುತ್ತಿದ್ದಳು. “ಇಷ್ಟೊಂದು ಸುಣ್ಣವಾ? ಮನೆಗೆ ಬಂದವ್ರಿಗೆಲ್ಲ ಇದನ್ನೇ ಕೊಟ್ಟಿದೀವಲ್ಲ,” ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ನಾಚಿಕೆ ಒಂದು ಸೀರೆಯ ಒದ್ದೆಯದು. ಅವಳದು ಊರೆಲ್ಲಕ್ಕೆ ಕೊಟ್ಟ ನೀರಿನದು.

ಮೇಷ್ಟ್ರು ಕೂಜವನ್ನು ವರಾಂಡಕ್ಕೆ ತಂದರು. ಪ್ರಯೋಗಶಾಲೆಯಲ್ಲಿ ಏನನ್ನೂ ಬಾಯಿಗಿಡಬಾರದೆಂಬುದು ಅವರದೇ ಕಟ್ಟಪ್ಪಣೆ. ಬೊಗಸೆಯೊಡ್ಡಿ ಕುಡಿದು, “ಸುಣ್ಣ ಇದ್ರೇನೇ ನೀರಿಗೆ ರುಚಿ, ತಾಯಿ. ಯಾರಿಗೂ ಏನೂ ಆಗಲ್ಲ,” ಎಂದರು. ರಮೇಶ ಮುಂದೆ ಬಂದ. “ಅವ್ವಾ, ನಂಗೂ ಒಸಿ ಬುಡಿ. ನಮ್ ಕುಣಿಗಲ್ ನೀರ್ ಕುಡ್ದೋರ್ಗೆ ಇದು ಎಳನೀರು.” ಅಮ್ಮ ಅಳುಮುಖದಲ್ಲೇ ನಕ್ಕು ಬಗ್ಗಿಸಿದಳು. ಒಬ್ಬೊಬ್ಬರಾಗಿ ಎಲ್ಲರೂ ಕುಡಿದರು. ಕಂಬದ ಮರೆಯಲ್ಲಿ ಉಳಿದವಳು ನಾನೊಬ್ಬಳು, ಯಾರದೋ ತಾಯಿ ಯಾರಿಗೋ ನೀರು ಕೊಡುವುದನ್ನು ನೋಡುತ್ತಿರುವವಳ ಹಾಗೆ.

“ನೀನೂ ಕುಡಿ ಬಾರೇ, ಗಂಟಲು ಒಣಗಿರುತ್ತೆ.”

ಹೋಗಿ ಬೊಗಸೆಯೊಡ್ಡಿದೆ. ತಲೆ ಎತ್ತಲಾಗದವರಿಗೆ ಬೊಗಸೆಯಲ್ಲಿ ಕುಡಿಯುವುದು ಎಷ್ಟು ಅನುಕೂಲ. ಅಮ್ಮ ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ, “ನಾನು ಬರಬಾರ್ದಿತ್ತೇನೇ?” ಎಂದಳು.

ಬಾಯಿ ತುಂಬ ನೀರಿತ್ತು. ಅದನ್ನು ನುಂಗುವಷ್ಟರಲ್ಲಿ ಅವಳು ಖಾಲಿ ಕೂಜವನ್ನು ಕಂಕುಳಿಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎಲ್ಲರಿಗೂ ಹೇಳಿ, ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.