ಕಣದಲ್ಲಿ ಇಳಿದ ಮಂತ್ರಿಗಳು

ಹೆಲಿಕಾಪ್ಟರ್ ತಪ್ಪು ಜಾಗದತ್ತ ತಿರುಗಿದ್ದು ಬೆಳಿಗ್ಗೆ ಹನ್ನೊಂದು ಹತ್ತಕ್ಕೆ. ಕೈಗಡಿಯಾರ ನೋಡುತ್ತಲೇ ನಿಂತಿದ್ದೆ, ಹಾಗಾಗಿ ಮರೆತಿಲ್ಲ.

ಸೋಲೂರಿನ ಹತ್ತಿರದ ನಮ್ಮೂರಿಗೆ ಅಂದು ದೆಹಲಿಯಿಂದ ಮಂತ್ರಿಗಳು ಬರುವವರಿದ್ದರು. ಪಕ್ಕದ ಮನೆಯ ದೊಡ್ಡವ್ವನ ಮಗ ಗಡಿಯಲ್ಲಿ ತೀರಿಕೊಂಡು ವರ್ಷವಾಗಿತ್ತು. ಮಣ್ಣು ಮಾಡಿದ್ದು ಅವರದೇ ಹೊಲದಲ್ಲಿ, ರಾಗಿ ಕಣದ ಅಂಚಿಗೆ. ಮಂತ್ರಿಗಳು ಸಮಾಧಿಗೆ ಹೂವಿಟ್ಟು ಗೌರವ ಸಲ್ಲಿಸುವುದೆಂದು ಗೊತ್ತಾಗಿತ್ತು. ದೊಡ್ಡವ್ವನಿಗೆ ಅದು ಸಾಲದು. "ಅವ್ರ ಕೈಲೇ ನನ್ ಮಗನ್ಗೆ ಹಾಲು ತುಪ್ಪ ಬುಡುಸ್ಬೇಕು" ಎಂದು ಹಟ ಹಿಡಿದಳು. ಕಾರ್ಯಕ್ರಮದ ಪಟ್ಟಿಯಲ್ಲಿ ಅದಿಲ್ಲ ಎಂದರು ಏರ್ಪಾಡಿಗೆ ಬಂದಿದ್ದ ಅಧಿಕಾರಿ. ಊರಲ್ಲಿ ಹಿಂದಿ ಕಲಿತವಳು ನಾನೊಬ್ಬಳೇ. ಮಂತ್ರಿಗಳನ್ನು ನಾನೇ ಕೇಳುತ್ತೇನೆಂದು ದೊಡ್ಡವ್ವನಿಗೆ ಮಾತು ಕೊಟ್ಟಿದ್ದೆ.

ಹೆಲಿಕಾಪ್ಟರ್ ಇಳಿಯಬೇಕಾದದ್ದು ಎರಡು ಹೊಲದಾಚೆ, ಕಾರ್ಖಾನೆಗೆಂದು ಮಟ್ಟ ಮಾಡಿದ್ದ ಜಾಗದಲ್ಲಿ. ಅಲ್ಲಿ ಹಾಕಿದ್ದ ಸುಣ್ಣದ ವೃತ್ತವನ್ನು ಮಣ್ಣಿನ ಲಾರಿಗಳು ಅರ್ಧ ಅಳಿಸಿದ್ದವು. ಇತ್ತ ನಾವು ಹೆಂಗಸರು, ದೊಡ್ಡವರು ಕೂರುವ ಜಾಗವೆಂದು ಕಣವನ್ನು ಸಗಣಿಯಿಂದ ಸಾರಿಸಿದ್ದೆವು. ಸಾರಿಸಿದ ಕಣವನ್ನು ಬರಿದಾಗಿ ಬಿಡುವುದುಂಟೆ? ಸುತ್ತಲೂ ಸುಣ್ಣದ ದಪ್ಪ ಗೆರೆ ಎಳೆದವಳು ನಾನು. ಜಮಖಾನ ಇನ್ನೂ ಹಾಸಿರಲಿಲ್ಲ. ಮೇಲಿನಿಂದ ನೋಡುವವನಿಗೆ ಯಾವುದು ಕಂಡೀತು?

"ಲೇ, ಇಲ್ಗೇ ಬತ್ತಾ ಐತೆ ಕಣ್ಲಾ!" ಎಂದು ಯಾರೋ ಕೂಗಿದರು. ಎಲ್ಲರೂ ಬದುವಿನಾಚೆ ಓಡಿದೆವು. ದೊಡ್ಡವ್ವ ಮಾತ್ರ ಸಮಾಧಿಯ ಮೇಲೆ ಹಾಕಿದ್ದ ತೆಂಗಿನ ಗರಿಯ ಚಪ್ಪರದಡಿ, ಹಾಲಿನ ಚೊಂಬು ಹಿಡಿದು ಕೂತೇ ಇದ್ದಳು. ಕಣಕ್ಕಿಳಿಯುತ್ತಿದ್ದ ಹೆಲಿಕಾಪ್ಟರಿನ ಗಾಳಿಗೆ ಚಪ್ಪರ ಎದ್ದಿತು, ಒಂದು ಗಳಿಗೆ ನಿಂತಿತು, ಬೊಂಬುಗಳ ಸಮೇತ ಅವಳ ಮೇಲೆ ಬಿತ್ತು. ಆ ಒಂದು ಗಳಿಗೆ ಇವತ್ತಿಗೂ ನನ್ನ ಕಣ್ಣ ಮುಂದೆ ನಿಂತೇ ಇದೆ.

ಸದ್ದಡಗಿದಾಗ ಗರಿಗಳ ಕೆಳಗಿನಿಂದ ದನಿ ಬಂತು: "ಹಾಲು ಚೆಲ್ಲಿಲ್ಲ ಕಣವ್ವ!"

ಬೀಳುತ್ತಿದ್ದ ಬೊಂಬು ಸಮಾಧಿಯ ಕಲ್ಲಿಗೆ ತಗುಲಿ ಅಲ್ಲೇ ಒರಗಿತ್ತು, ಅವಳಿಗೆ ತಾಗಿರಲಿಲ್ಲ. ಗರಿ ಎತ್ತಲು ಬಂದವರಲ್ಲಿ ಮಂತ್ರಿಗಳೂ ಇದ್ದರು. ನನಗೆ ಹಿಂದಿಯ ಒಂದು ಪದವೂ ಹೊರಡಲಿಲ್ಲ. ಚೊಂಬನ್ನು ತೋರಿಸಿ, ಸಮಾಧಿಯನ್ನು ತೋರಿಸಿದೆ. ಅವರು ಚಪ್ಪಲಿ ಬಿಟ್ಟು ಕುಕ್ಕರಗಾಲಲ್ಲಿ ಕೂತು ನಿಧಾನವಾಗಿ ಹಾಲೆರೆದರು, ತುಪ್ಪ ಬಿಟ್ಟರು. ಕಣ್ಣೊರೆಸಿಕೊಂಡ ದೊಡ್ಡವ್ವ, "ಚಪ್ಪರ ಬೀಳ್ಸವ್ರೆ, ಉಣ್ದೆ ಹೋಗಂಗಿಲ್ಲ ಅಂತ ಯೋಳು" ಎಂದಳು.

ಊಟಕ್ಕೆ ಕೂತ ಮಂತ್ರಿಗಳು ಮುದ್ದೆಯನ್ನು ಅಗಿಯತೊಡಗಿದರು. "ಅಯ್ಯೋ, ಒಸಿ ನುಂಗಕ್ಕೆ ಯೋಳವ್ವ!" ಎಂದಳು ದೊಡ್ಡವ್ವ. ಅಷ್ಟು ಹೊತ್ತಿಗೆ ನನ್ನ ಹಿಂದಿ ಮರಳಿತ್ತು, ಹೇಳಿದೆ. ಊರಿಗೆ ಊರೇ ನಕ್ಕಿತು, ಅವರೂ ನಕ್ಕರು.

ಆಮೇಲೆ ಎಷ್ಟೋ ತಿಂಗಳು ಚಪ್ಪರ ಬೀಳುವ ಸದ್ದಿಗೆ ನಿದ್ದೆಯಿಂದೇಳುತ್ತಿದ್ದೆ. ಗೆರೆ ಎಳೆದ ಕೈ ನನ್ನದಲ್ಲವೆ? ಮುಂದಿನ ಸುಗ್ಗಿಗೆ ಕಣ ಸಾರಿಸಿದಾಗ ದೂರವೇ ನಿಂತಿದ್ದೆ. ದೊಡ್ಡವ್ವ ಸುಣ್ಣದ ಬೋಗುಣಿ ತಂದು ನನ್ನ ಕೈಗೇ ಕೊಟ್ಟಳು. "ಎಳಿಯೇ. ಈ ಸಲ ಯಾರ್ ಇಳೀತಾರೋ ನೋಡಾನ. ನನ್ ಮಗ ಅವ್ನೆ ತಡ್ಕೊಳಕ್ಕೆ."

ಎಳೆದೆ. ಅಂದು ಮಲಗಿದವಳು ಎದ್ದದ್ದು ಬಿಸಿಲು ಮುಖಕ್ಕೆ ಬಿದ್ದ ಮೇಲೆ.