ಕಾರಿನ ಮಾತು ಹೊತ್ತು ಬಬಲೇಶ್ವರಕ್ಕೆ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ವಿಜಾಪುರದ ಬಸ್ ನಿಲ್ದಾಣ ತಲುಪಿದೆ. ಟಿಕೋಟಾದ ಬಸ್ಸು ಒಂಬತ್ತೂವರೆಗೆ ಹೊರಡಬೇಕಿತ್ತು. ಹೊರಟದ್ದು ಹತ್ತೂ ಇಪ್ಪತ್ತಕ್ಕೆ. ಶ್ರಾವಣದ ಗಾಳಿ, ಮೋಡ, ಆಗೊಮ್ಮೆ ಈಗೊಮ್ಮೆ ನಾಲ್ಕು ಹನಿ. ಕೈಯಲ್ಲಿ ಒಂದು ಚೀಲ, ಒಂದು ಛತ್ರಿ, ಕಿಸೆಯಲ್ಲಿ ದಿನಚರಿ. ಅದರ ಒಂದು ಪುಟಕ್ಕೆ ನಡುವೆ ಗೆರೆ ಎಳೆದು, ಎಡಕ್ಕೆ ‘ಕಾರು ಬೇಕು’, ಬಲಕ್ಕೆ ‘ಬೇಡ’ ಎಂದು ಬರೆದುಕೊಂಡಿದ್ದೆ. ಬಸ್ಸು ತಡವಾದ ಐವತ್ತು ನಿಮಿಷವನ್ನು ಎಡಕ್ಕೆ ಸೇರಿಸಿದೆ.

ಕಾರು ಬೇಕಾದದ್ದು ಇಲ್ಲಿಗಲ್ಲ, ಇಥಿಯೋಪಿಯಾಕ್ಕೆ. ಹೋದ ವರ್ಷ ನಾನು ಅಲ್ಲಿಯ ಒಂದು ಶಾಲೆಗೆ ಗಣಿತ ಕಲಿಸಲು ಹೋದೆ. ಶಾಲೆ ಗುಡ್ಡದ ಮೇಲಿದೆ. ಪೇಟೆ, ಆಸ್ಪತ್ರೆ, ಅಂಚೆ ಎಲ್ಲ ಆರು ಮೈಲು ಕೆಳಗೆ. ಶಾಲೆಯ ಪಕ್ಕದಲ್ಲಿಯೇ ನನಗೆ ಬಾಡಿಗೆಯಿಲ್ಲದ ಮನೆ ಕೊಟ್ಟಿದ್ದಾರೆ. ಹತ್ತಿರ ಬೇರೆ ಸಂಸಾರವಿಲ್ಲ. ಒಬ್ಬನೇ ಇದ್ದಾಗ ಹೇಗೋ ನಡೆಯಿತು. ಈ ರಜೆ ಮುಗಿಸಿ ಮರಳುವಾಗ ಹೆಂಡತಿ ಕಮಲಾಳನ್ನೂ ಕರೆದೊಯ್ಯುವುದು ನಿಶ್ಚಯವಾಗಿತ್ತು. ಅದೇ ಶಾಲೆಯಲ್ಲಿ ಇತಿಹಾಸ ಕಲಿಸುವ ಟಿಕೋಟಾದ ಶಿವಪ್ಪ ಮಾಸ್ತರರು ಪೇಟೆಯಲ್ಲಿ ಮನೆ ಮಾಡಿಕೊಂಡಿದ್ದಾರೆ. ಅವರ ಕರಾರು ಮುಗಿದು ಬರುವ ತಿಂಗಳು ಊರಿಗೆ ಮರಳುವವರು. ತಮ್ಮ ನೀಲಿ ಬಣ್ಣದ ಕಾರನ್ನು ಕೊಳ್ಳುತ್ತೀರಾ ಎಂದು ಮೊದಲು ನನ್ನನ್ನೇ ಕೇಳಿದ್ದರು. ಆದರೆ ಪೇಟೆಯ ಗ್ರೀಕ್ ಅಂಗಡಿಕಾರನೊಬ್ಬನಿಗೂ ಅದರ ಮೇಲೆ ಕಣ್ಣಿತ್ತು. “ಗುರುವಾರದೊಳಗೆ ತಂತಿ ಕಳಿಸಿರಿ, ಇಲ್ಲವಾದರೆ ಅವನಿಗೆ ಕೊಡುತ್ತೇನೆ” ಎಂದು ಅವರ ಪತ್ರ ಶನಿವಾರ ಬಂದು ಮುಟ್ಟಿತ್ತು. ಬೆಲೆ ನನ್ನ ಐದು ತಿಂಗಳ ಸಂಬಳ.

ರವಿವಾರ ಗಾಂಧಿ ಚೌಕಿನ ಬಟ್ಟೆ ಅಂಗಡಿಯಲ್ಲಿ ಅಣ್ಣನನ್ನು ಕೇಳಿದ್ದೆ.

“ತಗೋ. ಇದರಾಗ ಕೇಳೂದೇನೈತಿ?” ಎಂದ. “ನಮ್ಮ ಮನಿತನದಾಗ ಸೈಕಲ್ ಬಿಟ್ಟರ ಯಾರ ಏನ ಏರ್ಯಾರ? ಕಾರಿನ ಮುಂದ ನಿಂತ ಒಂದ ಫೋಟೋ ತಗಸಿ ಕಳಸು. ಗಾದಿ ಮ್ಯಾಲಿನ ಗ್ವಾಡಿಗಿ ಹಾಕತೀನಿ, ಗಿರಾಕಿ ನೋಡಲಿ. ಹೊಡಿಯಾಕ ಬರತೈತೇನ ನಿನಗ?”

“ಹನ್ನೊಂದು ದಿನ ಕಲತೇನಿ. ಹಿಂದಕ್ಕ ತಗೊಳ್ಳೂದು ಇನ್ನೂ ಬರವಲ್ದು.”

“ಹಿಂದಕ್ಕ ಯಾತಕ್ಕ ಬೇಕ? ಮುಂದ ಹೋಗು.”

ಸೋಮವಾರದ ಬಸ್ಸು ಟಿಕೋಟಾದವರೆಗಿನ ಹನ್ನೆರಡು ಮೈಲಿನಲ್ಲಿ ಏಳು ಸಲ ನಿಂತಿತು. ಟಿಕೀಟು ಅರವತ್ತು ನಯಾ ಪೈಸೆ. ಒಂದು ಕಡೆ ಕಂಡಕ್ಟರು ಇಳಿದು ಯಾರದೋ ಹೊಲದ ಬದುವಿನಲ್ಲಿ ನಿಂತು ಮಳೆಯ ಮಾತಾಡಿ ಬಂದ. ಯಾಕೆಂದು ಯಾರೂ ಕೇಳಲಿಲ್ಲ. ನಾನೊಬ್ಬನೇ ಗಡಿಯಾರ ನೋಡುತ್ತಿದ್ದೆ. ಕೂತಲ್ಲಿ ಕೂರಲಾಗದ ಒಂದು ಚಡಪಡಿಕೆ ಶನಿವಾರದಿಂದ ನನ್ನನ್ನು ಹಿಡಿದಿತ್ತು. ಕಮಲಾಳನ್ನು ಬಬಲೇಶ್ವರದ ತವರಿನಿಂದ ಕರೆತರುವುದು, ಹೋಗುವ ದಾರಿಯಲ್ಲಿ ಶಿವಪ್ಪ ಮಾಸ್ತರರು ಕೊಟ್ಟ ಗಂಟನ್ನು ಟಿಕೋಟಾದಲ್ಲಿ ಮುಟ್ಟಿಸುವುದು, ಮಂಗಳವಾರ ಮಧ್ಯಾಹ್ನ ವಿಜಾಪುರಕ್ಕೆ ಮರಳಿ ತಂತಿ ಕೊಡುವುದು: ಇದು ನಾನು ಬರೆದಿಟ್ಟುಕೊಂಡ ಕ್ರಮ. ಪುಟದ ಎಡಬದಿಯಲ್ಲಿ ಆ ಐವತ್ತು ನಿಮಿಷ ಬಿಟ್ಟು ಆಗಲೇ ಐದು ಸಾಲಿದ್ದವು, ಬಲಬದಿಯಲ್ಲಿ ನಾಲ್ಕು: ಪೆಟ್ರೋಲು, ದುರಸ್ತಿ, ನನ್ನ ಅರೆಕಲಿಕೆ, ಐದು ತಿಂಗಳ ಸಂಬಳ.

ಟಿಕೋಟಾದಲ್ಲಿ ಶಿವಪ್ಪ ಮಾಸ್ತರರ ಮನೆ ಹುಡುಕಲು ಕಷ್ಟವಾಗಲಿಲ್ಲ. ಅವರ ತಾಯಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದರು. ಹೆಂಡತಿ ಗಂಗವ್ವ ಒಂದು ವರ್ಷ ಅಲ್ಲಿದ್ದು, ಹೆರಿಗೆಗೆಂದು ಚೈತ್ರದಲ್ಲಿ ಊರಿಗೆ ಬಂದವರು. ತೊಡೆಯ ಮೇಲೆ ಮೂರು ತಿಂಗಳ ಕೂಸು. ಗಂಟಿನಲ್ಲಿ ಹಸಿ ಕಾಫಿಬೀಜ, ಅಂಚಿಗೆ ಬಣ್ಣದ ಪಟ್ಟಿಯಿದ್ದ ತೆಳ್ಳನೆಯ ಬಿಳಿ ಶಾಲು ಇದ್ದವು. ಗಂಗವ್ವ ಬೀಜವನ್ನು ಮೂಗಿಗೆ ಹಿಡಿದು ನೋಡಿ, ಮತ್ತೆ ಗಂಟಿಗೆ ಹಾಕಿದರು. ಆಮೇಲೆ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಪಂಚಮಿಯಲ್ಲಿ ಉಳಿದ ಎರಡು ಎಳ್ಳುಂಡಿ ಬಡಿಸಿದರು.

“ಕಾರು ಹೆಂಗೈತ್ರಿ?” ಎಂದು ಕೇಳಿದೆ. ನಾನು ಅಲ್ಲಿಗೆ ಹೋದದ್ದು ಗಂಟು ಮುಟ್ಟಿಸುವುದಕ್ಕಿಂತ ಹೆಚ್ಚಾಗಿ ಇದಕ್ಕೇ.

“ಕಾರಿಗೇನಾಗೇತ್ರಿ, ಛಲೋ ಐತಿ. ಕಾರ ಬಂದ ಮ್ಯಾಲ ನಾನ ಕೆಟ್ಟೆ.”

“ಬಂದವರ ಮುಂದ ಏನ ಮಾತಬೇ ಅದು” ಎಂದರು ಅವರ ಅತ್ತೆ.

“ಇದ್ದದ್ದ ಹೇಳಾಕತ್ತೇನಿ, ಅತ್ತಿ” ಎಂದು ಗಂಗವ್ವ ನನ್ನ ಕಡೆ ತಿರುಗಿದರು. “ಮೊದಲ ಆರ ತಿಂಗಳ ಕಾರ ಇದ್ದಿದ್ದಿಲ್ರಿ. ಬಾಜೂ ಮನಿ ಅಲ್ಮಾಜ್ ಅನ್ನಾಕಿ ದಿನಾ ಮುಂಜಾನೆ ಸಂತಿಗಿ ಕರಕೊಂಡ ಹೋಗತಿದ್ಲು. ಆಕಿ ಮಾತ ನನಗ ತಿಳೀತಿದ್ದಿಲ್ಲ, ನಂದ ಆಕಿಗಿ ತಿಳೀತಿದ್ದಿಲ್ಲ. ನಾ ಉಳ್ಳಾಗಡ್ಡಿ ಎತ್ತಿ ಉಳ್ಳಾಗಡ್ಡಿ ಅನ್ನಾಕಿ, ಆಕಿ ತನ್ನ ಮಾತಿನ್ಯಾಗ ಅದರ ಹೆಸರ ಹೇಳಾಕಿ. ಹೊಳ್ಳಿ ಬಂದ ಮ್ಯಾಲ ಬೀಜ ಹುರದು, ಕುಟ್ಟಿ, ಮೂರ ಸಲ ಕಾಫಿ ಕೊಡಾಕಿ. ಮೂರೂ ಕುಡಿಯೂತನ ಎದ್ದ ಬರಂಗಿಲ್ಲ. ಆಮ್ಯಾಲ ಕಾರ ಬಂತು. ನೀ ಯಾಕ ನಡೀತಿ, ಐತವಾರ ನಾ ಒಯ್ತೀನಿ ಅಂದ್ರು ಇವರು. ವಾರಕ್ಕೊಮ್ಮಿ ಕುಂತ ಹೋಗೂದು, ಚೀಲ ತುಂಬೂದು, ಬರೂದು. ಆಕಿ ಎರಡ ಸಲ ಬಾಗಲಕ ಬಂದ ಕರದ್ಲು, ಆಮ್ಯಾಲ ಬಿಟ್ಲು. ಕಾರಿನ ಕಾಜಿನ ಒಳಗ ಕುಂತಾಕಿ ಜೋಡಿ ಯಾರ ಮಾತಾಡ್ತಾರ?”

ನಾನು ಪೆನ್ಸಿಲು ತೆಗೆದೆ, ಬರೆಯಲಿಲ್ಲ. ನಮ್ಮ ಗುಡ್ಡದ ಮೇಲೆ ನೆರೆಯವರೇ ಇಲ್ಲ. ಇದು ನಮಗೆ ಹೊಂದುವ ಮಾತಲ್ಲ ಎಂದುಕೊಂಡೆ. ಕಮಲಾಳ ಮುಂದೆ ಇದನ್ನು ಎತ್ತುವುದೂ ಬೇಡ ಎಂದುಕೊಂಡೆ.

ಟಿಕೋಟಾದಿಂದ ಬಬಲೇಶ್ವರಕ್ಕೆ ನೇರ ಬಸ್ಸಿರಲಿಲ್ಲ. ಎರಡೂ ಹತ್ತಕ್ಕೆ ಒಂದು ಜೀಪು ಸಿಕ್ಕಿತು. ತಲೆಗೊಂದು ರೂಪಾಯಿ, ಒಟ್ಟು ಹದಿನಾಲ್ಕು ಜನ, ಎರಡು ಕೋಳಿ. ಡೋಣಿ ಹೊಳೆಯ ಕಡೆಗೆ ಇಳಿಯುವಲ್ಲಿ ಹಿಂದಿನ ದಿನದ ಮಳೆಗೆ ಎರೆ ಮಣ್ಣು ಹಿಟ್ಟಿನಂತೆ ನಾದಿಕೊಂಡಿತ್ತು. ಜೀಪು ಒಂದು ಸಲ ಅಡ್ಡ ಸರಿದು ಹಿಂದಿನ ಗಾಲಿ ಹೂತು ಕೂತಿತು. ಎಲ್ಲರೂ ಇಳಿದು ನೂಕಿದೆವು. ನನ್ನ ಬಲಗಾಲಿನ ಬೂಟು ಮಣ್ಣಿನಲ್ಲಿ ಉಳಿಯಿತು; ಕೈಹಾಕಿ ಕಿತ್ತುಕೊಳ್ಳಬೇಕಾಯಿತು.

ನಾನು ಕಾರು ಕೊಳ್ಳುವ ವಿಚಾರದಲ್ಲಿದ್ದೇನೆಂದು ತಿಳಿದ ಚಾಲಕ ಬೀಡಿ ಹಚ್ಚುತ್ತ ಹೇಳಿದ: “ತಗೋರಿ ಸಾಹೇಬ್ರ. ಗಾಡಿ ಬಂದ ದಿನದಿಂದ ಊರಾಗಿನ ಮಂದಿಯೆಲ್ಲಾ ನಿಮಗ ಬೀಗರ ಆಗ್ತಾರ.”

“ಅಲ್ಲಿ ನನಗ ಯಾರೂ ಗೊತ್ತಿಲ್ಲಪ್ಪಾ.”

“ಯಾರೂ ಗೊತ್ತಿಲ್ಲಂದ್ರ ಯಾರ ಮನಿಗಿ ಹೋಗಾಕ ಕಾರ್ರಿ?”

ಜನ ನಕ್ಕರು. ನಾನೂ ನಕ್ಕೆ, ಆದರೆ ಮಾತು ಒಳಗೆ ಚುಚ್ಚಿತು. ಹನ್ನೆರಡು ಮೈಲಿಗೆ ಎರಡು ತಾಸು ನಲವತ್ತು ನಿಮಿಷ ಹಿಡಿಯಿತು. ಅದನ್ನು ಎಡಕ್ಕೆ ಬರೆದೆ.

ಬಬಲೇಶ್ವರದಲ್ಲಿ ಮಾವನವರದು ಸಣ್ಣ ಕಿರಾಣಿ ಅಂಗಡಿ. ಮನೆ ಅದರ ಹಿಂದೆ. ಕಾಲು ತೊಳೆದು ಚಹಾ ಕುಡಿದವನೇ ಹೇಳಿಬಿಟ್ಟೆ: “ನಾಳೆ ಮುಂಜಾನೆ ಎಂಟರ ಬಸ್ಸಿಗೆ ನಾನು ಕಮಲಾ ಹೊರಡ್ತೀವಿ.”

ಅತ್ತೆ ಕೈಯಲ್ಲಿಯ ಮೊರ ಕೆಳಗಿಟ್ಟರು. ಮಾವ ಗಂಟಲು ಸರಿಮಾಡಿಕೊಂಡರು. ಒಳಗಿನಿಂದ ಕಮಲಾ ನಕ್ಕದ್ದು ಕೇಳಿಸಿತು.

“ನಾಳೆ ಮಂಗಳವಾರ ಅಲ್ರಿ ಅಳಿಯಾ” ಎಂದರು ಅತ್ತೆ. “ಮಂಗಳವಾರ ಶುಕ್ರವಾರ ಮನಿ ಮಗಳನ್ನ ಯಾರ ಕಳಸ್ತಾರ? ನಿಮ್ಮ ವೈನಿ ಹೇಳಲಿಲ್ಲೇನು?”

ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ನಾನು ಹೇಳಿಯೇ ಇರಲಿಲ್ಲ. ಕ್ರಮವನ್ನೆಲ್ಲ ಪುಸ್ತಕದಲ್ಲಿ ಬರೆದು ಕಿಸೆಯಲ್ಲಿಟ್ಟುಕೊಂಡಿದ್ದೆ. ಮೈಲು, ತಾಸು, ಬಸ್ಸು ಎಲ್ಲ ನೋಡಿದವನು ವಾರ ನೋಡಿರಲಿಲ್ಲ. ಒಬ್ಬನೇ ವಿಜಾಪುರಕ್ಕೆ ಹೋಗಿ ತಂತಿ ಕೊಟ್ಟು ಬರಲೇ ಎಂದು ಕೇಳಿದೆ. ಮಾವ ಹೂಂ ಅನ್ನುವವರಿದ್ದರು. “ಕರಿಯಾಕ ಬಂದಾವ್ರು ಬರಿಗೈಲೆ ಹೊಸ್ತಿಲಾ ದಾಟಬಾರದು” ಎಂದು ಅತ್ತೆ ಅಂದಮೇಲೆ ಆ ಮಾತು ಮುಗಿಯಿತು.

ಮಂಗಳವಾರ ನಾನು ಬಸ್ಸು ನಿಲ್ಲುವ ಜಾಗದವರೆಗೆ ಮೂರು ಸಲ ಹೋಗಿ ಬಂದೆ. ಎಂಟರ ಬಸ್ಸು ಎಂಟೂ ಇಪ್ಪತ್ತೈದಕ್ಕೆ ಹೊರಟದ್ದನ್ನು ನಿಂತು ನೋಡಿದೆ. ಅಂಗಡಿಯಲ್ಲಿ ಮಾವನವರ ಹತ್ತಿರ ಕೂತೆ, ಎದ್ದೆ. ಹಿತ್ತಲಿಗೆ ಹೋದೆ. ಮಳೆ ಜಿಟಿಜಿಟಿ ಹಿಡಿದುಕೊಂಡಿತು. ಕಮಲಾ ಪಡಸಾಲೆಯಲ್ಲಿ ಕೂತು ದೂರದ ಪ್ರಯಾಣಕ್ಕೆಂದು ಖಾರಪುಡಿ, ಶೇಂಗಾ ಹಿಂಡಿ ಡಬ್ಬಿಗೆ ತುಂಬುತ್ತಿದ್ದಳು.

“ಟಿಕೋಟಾದಾಗ ಅವರ ಏನಂದ್ರು?” ಎಂದು ಕೇಳಿದಳು.

“ಊಟ ಛಲೋ ಹಾಕಿದ್ರು.”

“ಊಟ ಕೇಳಲಿಲ್ಲ ನಾ.”

“ಕಾರು ಛಲೋ ಐತಿ ಅಂದ್ರು.”

“ಅಷ್ಟಕ್ಕ ನಿನ್ನೆಯಿಂದ ಹಿಂಗ ಬೆಕ್ಕಿನಂಗ ಒಳಗ ಹೊರಗ ತಿರಗಾಕತ್ತೀರೇನು?”

ನಾಲ್ಕನೆಯ ಸಲ ಕೇಳಿದಾಗ ಹೇಳಿದೆ. ಹೇಳುವುದನ್ನು ಬಿಟ್ಟರೆ ಆ ದಿನ ನನಗೆ ಮಾಡಲು ಬೇರೆ ಕೆಲಸವೂ ಇರಲಿಲ್ಲ. ಅಲ್ಮಾಜ್, ಉಳ್ಳಾಗಡ್ಡಿ, ಮೂರು ಸಲದ ಕಾಫಿ ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿದಳು. ಡಬ್ಬಿಯ ಮುಚ್ಚಳ ಒತ್ತಿ ಹಾಕಿ, “ಮಾಸ್ತರ ಬಿಟ್ಟ ಬಂದ ಮ್ಯಾಲ ಆ ಮನಿ ಯಾರಿಗಿ?” ಎಂದಳು.

“ಯಾರಿಗೂ ಇಲ್ಲ. ಬಾಡಿಗಿ ಮನಿ ಅದು.”

“ಹಂಗಾರ ಕಾರ ಯಾಕ ಕೇಳಾಕತ್ತೀರಿ? ಮನಿ ಕೇಳ್ರಿ.”

ನಾನು ವಿವರಿಸಿದೆ. ಗುಡ್ಡದ ಮನೆ ಪುಕ್ಕಟೆ, ಪೇಟೆಯದಕ್ಕೆ ಬಾಡಿಗೆ. ಶಾಲೆಗೆ ನಾನು ದಿನಾ ಆರು ಮೈಲು ಏರಬೇಕು.

“ಕಾರ ಬರೂಕಿಂತ ಮೊದಲ ಮಾಸ್ತರ ಹೆಂಗ ಹೋಗತಿದ್ರು?”

“ಪೇಟೆ ಹುಡುಗರನ್ನ ಒಯ್ಯೂ ಸಾಲಿ ಲಾರ್ಯಾಗ.”

“ಕುಂತೋ ನಿಂತೋ?”

“ನಿಂತು.”

“ಇರಲಿ. ಈಗ ನಂದ ಕೇಳ್ರಿ. ಗುಡ್ಡದ ಮ್ಯಾಲ ಸಾಲಿ ಬಾಜೂಕ ಮನಿ. ನೀವು ಎದ್ದು ನಾಕ ಹೆಜ್ಜಿಗಿ ಸಾಲಿಗಿ ಹೋಗ್ತೀರಿ. ಕಾರು ಅಂಗಳದಾಗ ನಿಂತಿರತೈತಿ. ನಾ ಸಂಜೀತನ ಕಿಡಕಿಯಿಂದ ಅದನ್ನ ನೋಡಬೇಕು, ಅದು ನನ್ನ ನೋಡಬೇಕು. ಐತವಾರ ಬಂತಂದ್ರ ಇಬ್ಬರೂ ಹೊರಗ ಬೀಳ್ತೀವಿ.”

ನಾನು ಪುಟ ತೆಗೆದು ನೋಡಿದೆ. ದಾರಿಯಲ್ಲಿ ಬರೆದ ತಾಸು, ನಿಮಿಷ ಬಿಟ್ಟರೆ ಎಡಬದಿಯ ಸಾಲುಗಳು: ಸಂತೆ ದೂರ, ಆಸ್ಪತ್ರೆ ದೂರ, ಅಂಚೆ ದೂರ, ಕಮಲಾ ಒಬ್ಬಳೇ, ಮಳೆಗಾಲ. ಐದೂ ಕಾರಿನ ಕಾರಣಗಳೆಂದು ಬರೆದಿದ್ದೆ. ಐದೂ ಪೇಟೆಯ ಮನೆ ಬೇಕೆನ್ನುವ ಕಾರಣಗಳಾಗಿದ್ದವು. ವರ್ಷವಿಡೀ ನಾನು ಶಿವಪ್ಪ ಮಾಸ್ತರರ ಮನೆಯ ಮುಂದೆ ನಿಂತ ಕಾರನ್ನು ನೋಡಿದ್ದೆ, ಅದರ ಹಿಂದಿದ್ದ ಮನೆಯನ್ನು ನೋಡಿರಲಿಲ್ಲ. ಬೆಳಿಗ್ಗೆ ಎಂಟರ ಬಸ್ಸಿಗೇ ಹೊರಟಿದ್ದರೆ ಈ ಹೊತ್ತಿಗೆ ‘ಬೇಕು’ ಎಂದು ತಂತಿ ಹೋಗಿರುತ್ತಿತ್ತು.

ಆದರೂ ಒಪ್ಪಿಕೊಂಡೆನೆಂದು ಹೇಳಲಾರೆ. ಬುಧವಾರ ಬೆಳಿಗ್ಗೆ ಅತ್ತೆ ಮಗಳಿಗೆ ಉಡಿ ತುಂಬಿ ಕಳಿಸಿದರು. ಮಾವ ಬಸ್ಸಿನವರೆಗೆ ಬಂದು ಟ್ರಂಕನ್ನು ತಾವೇ ಮೇಲೆ ಕಟ್ಟಿಸಿದರು. ಬಸ್ಸು ಎಂಟೂ ಹತ್ತಕ್ಕೆ ಬಿಟ್ಟಿತು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಎರೆಯ ಮೇಲಿಂದ ಹಬೆ ಏಳುತ್ತಿತ್ತು. ಸಾರವಾಡದಲ್ಲಿ ಚುರುಮುರಿ ಕೊಂಡು ಅವಳ ಕೈಗೆ ಕೊಟ್ಟು, “ನನಗ ಆ ಕಾರು ಮನಸ್ಸಿಗಿ ಬಂದೈತಿ” ಎಂದೆ.

“ಗೊತ್ತೈತಿ” ಎಂದಳು. “ಅದನ್ನ ಬುಕ್ಕಿನ್ಯಾಗ ಬರದೀರೇನು?”

ಬರೆದಿರಲಿಲ್ಲ. ಪೆನ್ಸಿಲು ತೆಗೆದು ಎಡಬದಿಯ ಕೊನೆಗೆ ಬರೆದೆ. ಬಸ್ಸು ಅಲುಗಾಡುತ್ತಿತ್ತು, ಅಕ್ಷರ ಸೊಟ್ಟ ಬಂದವು. ಅವಳು ಬಗ್ಗಿ ಓದಿದಳು. ಚುರುಮುರಿಯ ಪೊಟ್ಟಣವನ್ನು ನನ್ನ ಕಡೆ ಹಿಡಿದಳು. ಆ ಒಂದು ಸಾಲು ಉಳಿದವೆಲ್ಲಕ್ಕಿಂತ ನಿಜವಾಗಿತ್ತು. ಆದರೆ ಅದು ನನ್ನೊಬ್ಬನ ಸಾಲಾಗಿತ್ತು.

ದೂರದಲ್ಲಿ ಗುಮ್ಮಟ ಕಂಡು ಬಹಳ ಹೊತ್ತಾದ ಮೇಲೆ ವಿಜಾಪುರ ಬಂತು. ಹದಿನಾರು ಮೈಲಿಗೆ ಒಂದು ತಾಸು ಹತ್ತು ನಿಮಿಷ. ಮನೆಗೆ ಹೋಗದೆ ಟ್ರಂಕಿನ ಸಮೇತ ಟಾಂಗಾ ಮಾಡಿಕೊಂಡು ಅಂಚೆ ಕಚೇರಿಗೆ ಹೋದೆವು. ಕಮಲಾ ಟಾಂಗಾದಲ್ಲಿಯೇ ಕೂತಳು. ಕಾರು ಗ್ರೀಕನಿಗೆ ಕೊಡಿರಿ, ನಿಮ್ಮ ಮನೆಯನ್ನು ನಮಗೆ ಹಿಡಿದಿಡಿರಿ ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಗುಮಾಸ್ತ ಶಬ್ದಗಳನ್ನು ಎಣಿಸುವಾಗ ಕಾಗದವನ್ನು ಹಿಂದಕ್ಕೆ ಎಳೆದುಕೊಳ್ಳಬೇಕೆಂದು ಒಮ್ಮೆ ಕೈ ಮುಂದೆ ಹೋಯಿತು. ಅಷ್ಟರಲ್ಲಿ ಅವನು ಠಸ್ಸೆ ಒತ್ತಿದ.

ಹೊರಗೆ ಬಂದಾಗ ಯಾರದೋ ಕಪ್ಪು ಕಾರು ಬೇವಿನ ಗಿಡದ ಕೆಳಗೆ ನಿಂತಿತ್ತು. ಟಾಂಗಾ ಹೊರಟ ಮೇಲೂ ನಾನು ಹಿಂದಕ್ಕೆ ತಿರುಗಿ ಅದನ್ನೇ ನೋಡುತ್ತಿದ್ದೆ. ಕಮಲಾ ನನ್ನನ್ನು ನೋಡುತ್ತಿದ್ದಳು.

“ಲಾರ್ಯಾಗ ಹುಡುಗರ ಜೋಡಿ ನಿಂತ ಹೋಗಾಕ ನಾಚಿಕಿ ಆಗತೈತೇನ್ರಿ?”

“ಆಗತೈತಿ.”

“ಎಷ್ಟ ದಿನ ಆದೀತು?”

ಅಂದಾಜು ಮಾಡಿದೆ. “ಒಂದ ತಿಂಗಳ.”

“ಹಂಗಾರ ಒಂದ ತಿಂಗಳ ನಾ ಲಾರಿತನ ಬರತೀನಿ” ಎಂದಳು. “ಹೊಳ್ಳುವಾಗ ಆ ಅಲ್ಮಾಜಳ ಬಾಗಲದಾಗ ನಿಂತು ಉಳ್ಳಾಗಡ್ಡಿ ಅಂತೀನಿ.”